ಏಕಾದಶಿ ಎರಡು ದಿನ ಬಂದರೆ ಕೇಡೇ?

"ಈ ಸಲ ಏಕಾದಶಿ ಎರಡು ದಿನ, ನೂರಾರು ವರ್ಷಕ್ಕೊಮ್ಮೆ ಹೀಗಾಗೋದು, ಮನೆಗೆ ಕೇಡು." ಈ ಧಾಟಿಯ ಮೆಸೇಜ್ ಹಾಸನ, ಚಿಕ್ಕಮಗಳೂರು ಕಡೆಯ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಕಳಿಸುವವರದ್ದು ಕಾಳಜಿಯೇ. ಆದರೆ ವಿಷಯ ಸರಿಯಿಲ್ಲ. ಇದು ಅಷ್ಟು ಅಪರೂಪವೂ ಅಲ್ಲ, ಅಪಶಕುನವೂ ಅಲ್ಲ.

ತಿಥಿ ಅಂದರೆ ಗಡಿಯಾರದ ದಿನವಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಗೇ ಮುಗಿಯಬಹುದು, 26 ಗಂಟೆವರೆಗೂ ಎಳೆಯಬಹುದು. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇರುತ್ತದೋ ಅದೇ ಆ ದಿನದ ತಿಥಿ. ಉದ್ದದ್ದು ಕೆಲವೊಮ್ಮೆ ಎರಡು ಸೂರ್ಯೋದಯ ಮುಟ್ಟುತ್ತದೆ, ಆಗ ಎರಡು ದಿನವೂ ಅದೇ ತಿಥಿ. ಚಿಕ್ಕದು ಒಂದನ್ನೂ ಮುಟ್ಟದೆ ಕ್ಷಯ ತಿಥಿಯಾಗುತ್ತದೆ. ಎರಡೂ ಪ್ರತಿ ವರ್ಷ ಬರುವಂಥವೇ.

ಆಚರಣೆಯ ಲೆಕ್ಕ ಬೇರೆ. ಸ್ಮಾರ್ತರ ಮನೆಯಲ್ಲಿ ಇವತ್ತು ಉಪವಾಸ, ಪಕ್ಕದ ಮಾಧ್ವರ ಮನೆಯಲ್ಲಿ ನಾಳೆ, ಅಲ್ವಾ? ಅರುಣೋದಯದ ಹೊತ್ತಿಗೆ, ಅಂದರೆ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ, ದಶಮಿ ಸೋಕಿದ್ದರೆ ಮಾಧ್ವರಂಥ ವೈಷ್ಣವರು ಮರುದಿನ ಆಚರಿಸುತ್ತಾರೆ.

ಅನುಮಾನ ಬಂದರೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡಿ. ಹಾಲಿನ ಲೆಕ್ಕ ಗೀಚಿದ ಆ ಚೌಕದಲ್ಲೇ ತಿಥಿ ಮುಗಿಯುವ ಹೊತ್ತು ಇರುತ್ತದೆ. ಸೂರ್ಯೋದಯದ ಜೊತೆ ಹೋಲಿಸಿ. ಹೋದ ವರ್ಷದ್ದನ್ನು ಎಸೆದಿಲ್ಲ ಅಂದರೆ ಅದನ್ನೂ ತಿರುವಿ. ಇಂಥ ಜೋಡಿ ತಿಥಿ ಅಲ್ಲೂ ಸಿಗುತ್ತದೆ.