ಸ್ವಲ್ಪ ನಕ್ಕೋತ ಹಾಡ್ರಿ, ಮೇಡಂ

ಕಲಬುರಗಿಯ ಮಹಿಳಾ ದಿನದ ವೇದಿಕೆಯ ಮೇಲೆ ನಾಲ್ವರು ಹುಡುಗಿಯರ ಬ್ಯಾಂಡು ನಗದೇ ಹಾಡಿದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಮೂರನೇ ಹಾಡಿನ ನಡುವೆಯೇ ಸಂಘಟಕರು ಮೈಕ್ ಹಿಡಿದು, ‘ಯಾಕ್ರಿ ಮೇಡಂ, ಇಷ್ಟ್ಯಾಕ ಸಪ್ಪಗ? ಹಬ್ಬದಂಥಾ ದಿನ ಅದ, ಸ್ವಲ್ಪ ನಕ್ಕೋತ ಹಾಡ್ರಿ’ ಎಂದು ಕೈಮುಗಿದರು. ಹಾಡುವ ಹುಡುಗಿ ‘ಹೂಂ ರೀ’ ಅಂದಳು, ಮತ್ತೆ ಹಾಗೇ ಹಾಡಿದಳು. ಅವತ್ತಿನಿಂದ ಚಹಾದಂಗಡಿಗಳಲ್ಲಿ ಅದೇ ವಿಚಾರಣೆ: ಯಾಕೆ ನಗಲಿಲ್ಲ?

ಯಡವಟ್ಟು ಸಂಘಟಕರು ಬ್ಯಾಂಡನ್ನು ಕರೆಯಲು ಮಾಡಿದ ಮೊದಲ ಫೋನಿನಲ್ಲೇ ಆಗಿದೆ. ನಮ್ಮಲ್ಲಿ ಬ್ಯಾಂಡ್ ಅಂದರೆ ಮೆರವಣಿಗೆಯದು. ಕೆಂಪು ಕೋಟು, ಜರಿ ಟೋಪಿ, ಮದುಮಗನ ಕುದುರೆ. ‘ನಾಕೇ ಮಂದೀನ? ತುತ್ತೂರಿ ಯಾರ್ ಊದ್ತೀರಿ?’ ಎಂದು ಕೇಳಿದವರನ್ನು ಬೈಯುವಂತಿಲ್ಲ. ಇವರದು 1979ರ ಆಸುಪಾಸಿನ ನ್ಯೂ ವೇವ್, ಪಂಕ್ ರಾಕ್‌ನ ಬೆನ್ನಿಗೇ ಬಂದ ಸಂಗೀತ. ಲಂಡನ್ನಿನಲ್ಲಿ ಸ್ಲಿಟ್ಸ್, ರೇನ್‌ಕೋಟ್ಸ್ ಎಂಬ ಹೆಣ್ಣುಮಕ್ಕಳು ಕಟ್ಟಿದ ಬ್ಯಾಂಡುಗಳು ಮೊದಲ ಆಲ್ಬಂ ತಂದ ವರ್ಷ ಅದು. ಗಿಟಾರ್ ತೆಳ್ಳಗೆ, ನೀರಿನಲ್ಲಿ ಅದ್ದಿ ತೆಗೆದಂತೆ. ರಾಗದ ಎಳೆಯೆಲ್ಲ ಬೇಸ್ ಗಿಟಾರಿನ, ಅಂದರೆ ದಪ್ಪ ಸ್ವರದ ಗಿಟಾರಿನ, ಮೇಲಿನ ಮನೆಗಳಲ್ಲಿ. ಹಿಂದೆ ಒಂದು ಡ್ರಮ್ ಮಷೀನು, ದಯೆ ದಾಕ್ಷಿಣ್ಯವಿಲ್ಲದೆ. ಹಾಗಂತ ಆ ಕಾಲದಲ್ಲಿ ಯಾರೂ ನಗಲೇ ಇಲ್ಲ ಎಂದೇನಿಲ್ಲ. ಲಾಸ್ ಏಂಜಲೀಸಿನ ಗೋ-ಗೋಸ್ ಹಲ್ಲುಬಿಟ್ಟುಕೊಂಡೇ ಹಾಡಿ 1982ರಲ್ಲಿ ಅಮೆರಿಕದ ಆಲ್ಬಂ ಪಟ್ಟಿಯ ತುದಿಗೇರಿದರು. ತಾವೇ ಬರೆದು ತಾವೇ ನುಡಿಸಿದ ಹೆಣ್ಣುಮಕ್ಕಳ ಬ್ಯಾಂಡು ಅಲ್ಲಿಗೆ ಏರಿದ್ದು ಅದೇ ಮೊದಲು. ಬಹುಶಃ ಅವರ ವೇದಿಕೆಗೆ ಅರ್ತಿಂಗ್ ಇತ್ತು.

ಇಲ್ಲಿ ಗಿಟಾರಿನ ಆಂಪ್ಲಿಫೈಯರು ಲೈಟಿನವರ ಜನರೇಟರಿನಿಂದ, ಮಿಕ್ಸರು ಪಕ್ಕದ ಕಂಬದ ಲೈನಿನಿಂದ. ಎರಡಕ್ಕೂ ಅರ್ತ್ ಬೇರೆ ಬೇರೆ. ಅಂದರೆ ಎರಡಕ್ಕೂ ಇಲ್ಲ. ಕೈ ಉಕ್ಕಿನ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಗೆ, ಸರ್ಕ್ಯೂಟ್ ಪೂರ್ತಿಯಾಯಿತು. ವಿಡಿಯೊದಲ್ಲಿ ಎರಡನೇ ಹಾಡಿನ ಹೊತ್ತಿಗೆ ಆಕೆ ತಲೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ‘ಭಾವತನ್ಮಯತೆ’ ಎಂದು ಬರೆದರಲ್ಲ, ಅದು ಇದೇ ಶಾಕು. ಎರಡನ್ನೂ ಒಂದೇ ಬೋರ್ಡಿನಿಂದ ಎಳೆದು, ಅರ್ತ್ ಕಂಬಿಯನ್ನು ಹಸಿ ಮಣ್ಣಿಗೆ ಬಡಿದು ಒಂದು ಕೊಡ ನೀರು ಹೊಯ್ದು, ಹಾಡುವ ಮೊದಲು ತಂತಿಗೂ ಮೈಕಿಗೂ ನಡುವೆ ಮಲ್ಟಿಮೀಟರ್ ಹಿಡಿದು ನೋಡಬೇಕು. ಮುಳ್ಳು ಸೊನ್ನೆ ಬಿಟ್ಟು ಏಳಬಾರದು. ಅರ್ಧ ತಾಸಿನ ಕೆಲಸ. ಆದರೆ ಕಂಬಿಗೆ ಶಾಲು ಹೊದಿಸಲು ಬರುವುದಿಲ್ಲ, ಹಾಗಾಗಿ ಯಾರಿಗೂ ನೆನಪಾಗಲಿಲ್ಲ.

ಆ ಆಂಪ್ಲಿಫೈಯರು ರೋಲ್ಯಾಂಡ್ ಜಾಝ್ ಕೋರಸ್. 1975ರ ಮಾದರಿ, ಒಳಗೆ 12 ಇಂಚಿನ ಎರಡು ಸ್ಪೀಕರು. ಅದರ ಕೋರಸ್ ಗುಂಡಿ ಹಚ್ಚಿದಾಗ ಒಂದರಲ್ಲಿ ನೆಟ್ಟಗಿನ ಸ್ವರ, ಇನ್ನೊಂದರಲ್ಲಿ ಕೆಲವು ಮಿಲಿಸೆಕೆಂಡು ತಡವಾಗಿ ತುಸು ಏರಿಳಿಯುವ ಸ್ವರ. ಎರಡೂ ಬೆರೆಯುವುದು ಹೊರಗೆ, ಗಾಳಿಯಲ್ಲಿ. ಆ ನೀರಿನ ಗುಣವೆಲ್ಲ ಆ ಬೆರಕೆಯದೇ. ಸೌಂಡಿನವರು ಒಂದೇ ಮೈಕು ತಂದಿದ್ದರು, ಅದನ್ನು ಅಲುಗಾಡುವ ಸ್ಪೀಕರಿಗೇ ಇಟ್ಟರು. ಸಾವಿರಾರು ಮಂದಿಗೆ ಕೇಳಿಸಿದ್ದು ಜ್ವರ ಬಂದ ಗಿಟಾರು.

ಇನ್ನು ಎಕೋ. ಎಕೋ ಇಲ್ಲದ ಮೈಕಿನಲ್ಲಿ ನಮ್ಮ ಜಿಲ್ಲೆಯ ಯಾವ ಭಾಷಣವೂ ಮುಗಿದಿಲ್ಲ, ಎಕೋ ಇದ್ದುದರಲ್ಲಂತೂ ಮುಗಿಯುವುದೇ ಇಲ್ಲ. ಭಾಷಣಕ್ಕೆಂದು 350 ಮಿಲಿಸೆಕೆಂಡಿಗೆ ತಿರುವಿಟ್ಟದ್ದನ್ನು ಡ್ರಮ್ ಮಷೀನಿಗೂ ಹಾಗೇ ಬಿಟ್ಟರು. ಹಾಡಿನ ಲಯ ನಿಮಿಷಕ್ಕೆ 144. ಅಂದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಹತ್ತಿರ ಹತ್ತಿರ 417 ಮಿಲಿಸೆಕೆಂಡು. ಎಕೋ 417 ಇದ್ದರೆ ಕೂಡುತ್ತದೆ, 208 ಇದ್ದರೂ ಕೂಡುತ್ತದೆ. 350ಕ್ಕೆ ಪ್ರತಿ ಪೆಟ್ಟಿನ ಹಿಂದೆ ಕುಂಟನೊಬ್ಬ ಓಡಿಬರುತ್ತಾನೆ. ಅದರ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ಶ್ರುತಿ ಮಾಡಿದ ತಂತಿ ರಾತ್ರಿ ತಣ್ಣಗಾಗಿ ಬಿಗಿದು ಸ್ವರ ಏರಿ ಕೂತಿತ್ತು.

ಅಳುವ ಹಾಡು ನಮ್ಮ ಸಂಸ್ಕೃತಿಯಲ್ಲವಂತೆ. ಯಾವ ಊರಿನವರು ಹೇಳುತ್ತಿರುವುದು ಇದನ್ನು? ಕಡಕೋಳ ಮಡಿವಾಳಪ್ಪನ ತತ್ವಪದಗಳ ಸೀಮೆಯಲ್ಲಿ ಕೂತು? ಏಕತಾರಿ ಹಿಡಿದು ‘ಈ ಶರೀರ ನೆಚ್ಚಬ್ಯಾಡ’ ಎಂಬ ಧಾಟಿಯಲ್ಲಿ ಬೆಳತನಕ ಹಾಡುವವರು ಯಾರೂ ಫೋಟೊಗೆಂದು ಹಲ್ಲು ಕಿಸಿಯುವುದಿಲ್ಲ. ಮೊಹರಂನ ರಿವಾಯತ್ ಪದ ಕೇಳಿ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ‘ಸ್ವಲ್ಪ ನಕ್ಕೋತ ಹಾಡ್ರಿ’ ಎಂದು ಅಲ್ಲಿ ಹೋಗಿ ಹೇಳಿ ನೋಡಲಿ. ಏಕತಾರಿಯ ಒಂದೇ ತಂತಿಯ ಮೊರೆತಕ್ಕೂ ಆ ಹುಡುಗಿಯ ಬೇಸಿಗೂ ಅಂಥ ದೂರವೇನಿಲ್ಲ.

ಸೌಂಡ್ ಚೆಕ್‌ಗೆಂದು ಮಧ್ಯಾಹ್ನ ಎರಡಕ್ಕೆ ಕರೆಸಿದರು. ಸನ್ಮಾನಗಳೆಲ್ಲ ಮುಗಿದು ವೇದಿಕೆ ಹತ್ತಿಸಿದ್ದು ರಾತ್ರಿ ಒಂಬತ್ತೂವರೆಗೆ. ಏಳೂವರೆ ತಾಸು. ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಒಂದು ಪಾಯಿಖಾನೆ ಇರಲಿಲ್ಲ. ಮಹಿಳಾ ದಿನ, ಮಾರ್ಚಿನ ಬಿಸಿಲು, ನಾಲ್ವರೂ ನೀರು ಕುಡಿಯದೆ ಕೂತರು. ಪ್ರೇಕ್ಷಕರಲ್ಲಿದ್ದ ಹೆಂಗಸರೂ ಹಾಗೇ ಕೂತರು, ಅವರು ಪ್ರತಿ ವರ್ಷ ಹಾಗೇ ಕೂರುತ್ತಾರೆ. ಇದರ ಬಗ್ಗೆ ತಮಾಷೆ ಮಾಡಲು ಏನೂ ಹೊಳೆಯುತ್ತಿಲ್ಲ.

ನಾಲ್ಕನೇ ಹಾಡಿಗೆ, ಹತ್ತು ಹೊಡೆಯಲು ಐದು ನಿಮಿಷವಿರುವಾಗ, ಪೊಲೀಸರು ಬಂದರು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದು. 2000ದ ನಿಯಮ, ಒಳ್ಳೆಯ ನಿಯಮ. ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ. ಹುಡುಗಿಯರು ವೈರು ಸುತ್ತುತ್ತಿರುವಾಗ ಜಗತ್ ಸರ್ಕಲ್ ಕಡೆಯಿಂದ ನಾಯಕರೊಬ್ಬರ ಹುಟ್ಟುಹಬ್ಬದ ಡಿಜೆ ಲಾರಿ ಬಂತು, 18 ಇಂಚಿನ ಸ್ಪೀಕರ್ ಡಬ್ಬಗಳನ್ನು ಎರಡಾಳೆತ್ತರಕ್ಕೆ ಪೇರಿಸಿಕೊಂಡು. ಅದೇ ಪೊಲೀಸರು ಅದಕ್ಕೆ ದಾರಿ ಬಿಡಿಸಿಕೊಟ್ಟರು. ಲಾರಿಯ ಮೇಲಿದ್ದವರೆಲ್ಲ ನಗುತ್ತಿದ್ದರು.

ಗಡಿಬಿಡಿಯಲ್ಲಿ ಬ್ಯಾಂಡಿನವರ ಗಿಟಾರ್ ಪೆಡಲಿನ, ಅಂದರೆ ಕಾಲಿನಿಂದ ಒತ್ತಿ ಸ್ವರ ಬದಲಿಸುವ ಡಬ್ಬಿಯ, ಒಂದು 9 ವೋಲ್ಟಿನ ಅಡಾಪ್ಟರು ಅಲ್ಲೇ ಉಳಿದಿದೆ. ಫೋನ್ ಮಾಡಿದರೆ ‘ಕಳಿಸ್ತೀವ್ರಿ ಅಕ್ಕಾರ’ ಅನ್ನುತ್ತಾರಂತೆ. ಸಂಘಟಕರು ಅದನ್ನು ಆಫೀಸಿನ ವೈಫೈ ಡಬ್ಬಿಗೆ ಚುಚ್ಚಿದ್ದಾರೆ. ಪಿನ್ನು ಸರಿಯಾಗಿ ಕೂತಿದೆ, ಆದರೆ ಆಗಿನಿಂದ ಡಬ್ಬಿಯ ಒಂದು ದೀಪವೂ ಹತ್ತಿಲ್ಲ. ಗಿಟಾರ್ ಪೆಡಲಿನ ಅಡಾಪ್ಟರಿನಲ್ಲಿ ಒಳಗಿನದು ಮೈನಸ್, ವೈಫೈ ಡಬ್ಬಿಯಲ್ಲಿ ಒಳಗಿನದು ಪ್ಲಸ್.