ಗುಂಪಿನಲ್ಲಿ ಕೂತಾಗಲೇ ನನಗೆ ಹೆಣಿಗೆ ಬಂತು
ಹೊಸದಾಗಿ ಹೆಣಿಗೆ ಕಲಿಯುವವರಿಗೆ ಬರೆದ ನಿಮ್ಮ ಲೇಖನದಲ್ಲಿ, ಉಲನ್ ಹೆಣಿಗೆಯನ್ನು ಮನೆಯಲ್ಲಿ ಒಬ್ಬರೇ ವಿಡಿಯೋ ನೋಡಿಕೊಂಡು ಕಲಿಯಬಹುದು ಅಂತ ಬರೆದಿದ್ದೀರಿ. ಕಲಿಯಬಹುದು, ನಿಜ. ನನಗೆ ಮಾತ್ರ ಆಗಲಿಲ್ಲ. ಎರಡು ಚಳಿಗಾಲ ಪ್ರಯತ್ನಿಸಿ ಬಿಟ್ಟಿದ್ದೆ.

ಹೋದ ಡಿಸೆಂಬರ್‌ನಲ್ಲಿ ಬೀದರಿನ ನಮ್ಮ ಓಣಿಯ ಏಳು ಜನ ಹೆಣ್ಣುಮಕ್ಕಳು ಸೇರಿ ಎಲ್ಲರೂ ಒಂದೇ ಥರದ ಮಫ್ಲರ್ ಹೆಣೆಯೋಣ ಅಂತ ಶುರು ಮಾಡಿದೆವು. ಎಲ್ಲರದೂ 4 ಮಿಲಿಮೀಟರ್ ದಪ್ಪದ ಕಡ್ಡಿ, ಅದರ ಮೇಲೆ ಸಾಲಿಗೆ 30 ಕುಣಿಕೆ. ಭಾನುವಾರ ಮಧ್ಯಾಹ್ನ ಮಾಳಿಗೆ ಮೇಲೆ ಬಿಸಿಲಿಗೆ ಕೂರುವುದು. ನಮ್ಮೂರಿನ ಚಳಿ ಗೊತ್ತಲ್ವಾ!

ನನ್ನ ಪಟ್ಟಿ ಹೆಣೆದಂತೆಲ್ಲ ಅಗಲ ಆಗುತ್ತಿತ್ತು. 30 ಇದ್ದ ಕುಣಿಕೆ 37 ಆಯಿತು. ಎದುರು ಮನೆ ವೈನಿ ನನ್ನ ಕೈ ನೋಡಿದ ಕೂಡಲೇ ತಪ್ಪು ಹಿಡಿದರು. ಸಾಲು ಮುಗಿಸಿ ತಿರುಗಿಸಿದಾಗ ನಾನು ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯುತ್ತಿದ್ದೆ. ಹಾಗೆ ಎಳೆದರೆ ಮೊದಲ ಕುಣಿಕೆ ಎರಡರಂತೆ ಕಾಣುತ್ತದೆ, ಎರಡನ್ನೂ ಹೆಣೆದುಬಿಡುತ್ತೇವೆ. ನೂಲು ಕಡ್ಡಿಯ ಕೆಳಗಿಂದ ಹಿಂದಕ್ಕೆ ಹೋಗಬೇಕು. ಅಷ್ಟೇ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುವ ತಪ್ಪು ಇದು.

ಇನ್ನೊಂದು ಮಾತು. ಹೊಸಬರು ಒಂದು ಸಾಲು ಸೀದಾ (ನೂಲು ಕಡ್ಡಿಯ ಹಿಂದಿಟ್ಟು ಹೆಣೆಯುವುದು), ಒಂದು ಸಾಲು ಉಲ್ಟಾ (ನೂಲು ಮುಂದಿಟ್ಟು ಹೆಣೆಯುವುದು) ಹಾಕಲಿ ಅಂದಿದ್ದೀರಿ. ಮಫ್ಲರ್‌ಗೆ ಅದು ಬೇಡ, ಅಂಚು ಸುರುಳಿ ಸುತ್ತುತ್ತದೆ. ಎಲ್ಲ ಸಾಲೂ ಸೀದಾ ಹಾಕಿದರೆ ಮಟ್ಟಸವಾಗಿ ಕೂರುತ್ತದೆ. ಕುಣಿಕೆ ಜಾರಿದರೆ ಸುಮ್ನೆ ಪೂರ್ತಿ ಬಿಚ್ಚಬೇಡಿ, ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿಯಿಂದ ಎತ್ತಿಕೊಳ್ಳಬಹುದು.

ಏಳರಲ್ಲಿ ಐದು ಮಫ್ಲರ್ ಸಂಕ್ರಾಂತಿಯೊಳಗೆ ಮುಗಿದವು. ನನ್ನದನ್ನು ಅವ್ವ ಹಾಕಿಕೊಳ್ಳುತ್ತಾಳೆ. ಈ ಸಲ ಎಲ್ಲರೂ ಕೂಸಿನ ಕುಲಾವಿ ಹಿಡಿದಿದ್ದೇವೆ.