ಸತ್ಯಾಂಶ: ‘ಗಬ್ಬರ್ ಸಿಂಗ್’ ಶೋಲೆಯ ರೀಮೇಕ್ ಅಲ್ಲ

‘ಪವನ್ ಕಲ್ಯಾಣ್ ಅವರ ಗಬ್ಬರ್ ಸಿಂಗ್ ಶೋಲೆಯ ರೀಮೇಕ್’ ಅನ್ನುವ ಮೆಸೇಜ್ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಹೆಸರು ಕೇಳಿದರೆ ಹಾಗೆ ಅನಿಸೋದು ಸಹಜ, ಅಲ್ವಾ? ಆದರೆ ಅದು ನಿಜವಲ್ಲ.

ಹರೀಶ್ ಶಂಕರ್ ನಿರ್ದೇಶನದ ಈ ತೆಲುಗು ಚಿತ್ರ ಬಂದಿದ್ದು 2012ರ ಮೇ ತಿಂಗಳಲ್ಲಿ. ಮೂಲ, ಸಲ್ಮಾನ್ ಖಾನ್ ನಟಿಸಿದ 2010ರ ಹಿಂದಿ ಚಿತ್ರ ‘ದಬಂಗ್’. ಎರಡನ್ನೂ ನೋಡಿದವರಿಗೆ ಗೊತ್ತಾಗುತ್ತದೆ: ಮಾತಿಗಿಂತ ಏಟು ಜಾಸ್ತಿ ಅನ್ನುವ ಪೊಲೀಸ್ ಅಧಿಕಾರಿ, ಮಲತಂದೆಯ ಮೇಲಿನ ಮುನಿಸು, ಮಲತಮ್ಮನ ಜೊತೆ ಜಗಳ, ನಡುವೆ ನಲುಗುವ ತಾಯಿ. ಆ ತಾಯಿಯ ಪಾತ್ರ ತೆಲುಗಿನಲ್ಲಿ ನಮ್ಮ ಸುಹಾಸಿನಿ ಅವರದ್ದು. ಶೋಲೆಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರುವುದು ಡಕಾಯಿತನನ್ನು ಹಿಡಿಯಲು ಠಾಕೂರ್ ಕರೆತರುವ ಇಬ್ಬರು ಕಳ್ಳರ ಕಥೆ.

ಹಾಗಾದ್ರೆ ಹೆಸರು? ನಾಯಕನ ನಿಜವಾದ ಹೆಸರು ವೆಂಕಟರತ್ನಂ ನಾಯ್ಡು. ಚಿಕ್ಕವನಿದ್ದಾಗ ಶೋಲೆ ನೋಡಿ, ಮೆಚ್ಚಿ, ತನಗೆ ತಾನೇ ಇಟ್ಟುಕೊಂಡ ಹೆಸರು ಗಬ್ಬರ್ ಸಿಂಗ್.

ಠಾಣೆಯಲ್ಲಿ ರೌಡಿಗಳಿಂದ ಅಂತ್ಯಾಕ್ಷರಿ ಹಾಡಿಸುವ ದೃಶ್ಯ ನೆನಪಿದೆಯಾ? ಜನ ಇಂದಿಗೂ ಅದನ್ನು ನೋಡಿ ನಗುತ್ತಾರೆ. ಬರೀ ನಕಲಿಗೆ ಅಂಥ ಪ್ರೀತಿ ಸಿಗೋದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಂದ ಹಾಗೆ, 1975ರ ಶೋಲೆಯ ಗಬ್ಬರ್ ಅಬ್ಬರಿಸಿದ್ದು ನಮ್ಮ ರಾಮನಗರದ ಬಂಡೆಗಳ ಮೇಲೆ. ಆ ಮಾತು ಮಾತ್ರ ಪೂರ್ತಿ ನಿಜ.